ಗುರುತಿಲ್ಲದ ನಾಲ್ಕು ಪೆಟ್ಟಿಗೆ

೧೯೮೫ರ ಮೇ ೧೪, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ, ಅಳತೆಪಟ್ಟಿಯ ಮೇಲೆ ಇರುವೆಯೊಂದು ಹನ್ನೆರಡರಿಂದ ಹದಿಮೂರಕ್ಕೆ ದಾಟುತ್ತಿದೆ, ಪಟ್ಟಿಯನ್ನು ಸುತ್ತಿ ಒಳಗಿಡಬೇಕಿತ್ತು, ಇಟ್ಟಿಲ್ಲ, ಫಾದರ್ ನೋಡಿಬಿಟ್ಟರೆ — ನೋಡಿಲ್ಲ, ಅವರ ಕಣ್ಣು ಮೊಳೆ ಹೊಡೆದ ನಾಲ್ಕು ಪೆಟ್ಟಿಗೆಗಳ ಮೇಲಿದೆ, ಬಿಷಪ್ಪರ ಪತ್ರದಲ್ಲಿ ಮೂರು ಅಂತಿತ್ತಲ್ಲ ಮದರ್, ಹೌದು, ಮೂರು, ಸೂಪಾ ಅಣೆಕಟ್ಟಿನ ನೀರು ನಮ್ಮ ಕಾನ್ವೆಂಟಿನ ಗೋರಿಗಳವರೆಗೆ ಬರುವುದರೊಳಗೆ ಮೂವರು ಸಿಸ್ಟರ್‌ಗಳ ಎಲುಬು ತೆಗೆದು ರಾಮನಗರಕ್ಕೆ ಸಾಗಿಸಿ, ನಾಲ್ಕನೆಯವನನ್ನು ಅಲ್ಲೇ ಬಿಡಿ, ನಾಲ್ಕನೆಯವನು ಕಾಯತಾನ, ಇಪ್ಪತ್ತು ವರ್ಷ ನಮ್ಮ ತೋಟ ಅಗೆದ ಸಿದ್ದಿ, ಗಂಗೂ ಜೊತೆ ಚರ್ಚಿನ ಮದುವೆಯಿಲ್ಲದೆ ಬಾಳಿದವನು, ಪಾಪನಿವೇದನೆ ಮಾಡದೆ ಸತ್ತವನು, ಯಾರನ್ನೂ ಕೇಳದೆ ಸಿಸ್ಟರ್‌ಗಳ ನಡುವೆ ಅವನನ್ನು ಹೂಳಿಸಿದವಳು ನಾನು, ಬೇಲಿಯಾಚೆ ಗಂಗೂ ನಿಂತಿದ್ದಾಳೆ, ನಿನ್ನೆಯೂ ಬಂದಿದ್ದಳು, ಮದರಬಾಯಿ, ಎಲ್ಲಾರ್ನೂ ಲಾರ‍್ಯಾಗ ಒಯ್ತೀರಿ, ಅವನೊಬ್ಬನ್ನ ನೀರಾಗ ಬಿಡ್ತೀರೇನ್ರಿ, ಅವಗ ಈಜ ಬರ್ತಿದ್ದಿಲ್ರಿ — ನಿನ್ನೆ ಅವಳು ಹೋದಮೇಲೆ ಊಟಕ್ಕೆ ಕೂತೆವು, ಊಟದಲ್ಲಿ ಮಾತಿಲ್ಲ, ಒಬ್ಬಳು ಓದುತ್ತಾಳೆ, ಉಳಿದವರು ಕೇಳುತ್ತೇವೆ, ಈ ವಾರ ಎಂಟುನೂರು ವರ್ಷ ಹಿಂದಿನ ಜರ್ಮನಿಯ ಮಠಾಧ್ಯಕ್ಷೆಯ ಕಥೆ, ಎಂಬತ್ತು ದಾಟಿದ ಮುದುಕಿ, ಬಹಿಷ್ಕೃತನೊಬ್ಬನನ್ನು ಮಠದಲ್ಲಿ ಹೂಳಿಸಿದ್ದಳು, ಅಗೆದು ಹೊರಗೆ ಹಾಕು ಎಂದರು, ಹಾಕಲಿಲ್ಲ, ಊರುಗೋಲಿನಿಂದ ಗೋರಿಯ ಗುರುತನ್ನೇ ಅಳಿಸಿದಳು, ಅದಕ್ಕೆ ಶಿಕ್ಷೆಯಾಗಿ ಮಠದ ಹಾಡನ್ನೇ ನಿಲ್ಲಿಸಿದರು.

ಇವತ್ತು ಬೆಳಿಗ್ಗೆ ಆರು ಗಂಟೆಗೆ ನಾಲ್ಕೂ ಮರದ ಶಿಲುಬೆ ಕಿತ್ತು ಒಂದೇ ಹಗ್ಗದಲ್ಲಿ ಕಟ್ಟಿದೆ, ಹನ್ನೊಂದು ಮಳೆಗಾಲ ಬಟ್ಟೆ ಹಲಗೆ ಎಲ್ಲ ತಿಂದಿತ್ತು, ಜಪಮಾಲೆ ನಾಲ್ವರಲ್ಲೂ ಸಿಕ್ಕಿತು, ಎಲ್ಲವೂ ಕಾನ್ವೆಂಟಿನವೇ, ಒಂದರಂತೊಂದು, ಅವನ ಕೈಗೆ ನಾನು ಸುತ್ತಿದ್ದು ನನ್ನದೇ, ತುಂಬಿದ ಪೆಟ್ಟಿಗೆಗಳನ್ನು ನಾನು ನೋಡದಂತೆ ಅದಲುಬದಲು ಮಾಡಿಸಿದೆ, ಹಾಗಾದರೆ ಕಾಯತಾನ ಯಾವುದರಲ್ಲಿದ್ದಾನೆ, ಫಾದರ್ ಕೇಳುತ್ತಿದ್ದಾರೆ, ಅಗೆದ ಬಾಬಾಜಿ ಗುದ್ದಲಿಗೆ ಒರಗಿ, ಜೀವಂತ ಇದ್ದಾಗನ ಕರದ್ರ ಓ ಅಂದಾಂವಲ್ರಿ ಫಾದರ್, ಈಗ ಅಂತಾನೇನ್ರಿ, ಫಾದರ್ ನಗಲಿಲ್ಲ, ಮದರ್, ನೀವು ಸೈನ್ಸ್ ಓದಿದವರು, ನಿಮಗೆ ಗೊತ್ತಾಗಬೇಕು, ಗೊತ್ತಿದೆ ಎಂದರೆ ಒಂದು ಪೆಟ್ಟಿಗೆ ಲಾರಿ ಹತ್ತುವುದಿಲ್ಲ, ಗೊತ್ತಿಲ್ಲ ಎಂದರೆ ನಾಲ್ಕೂ ಹೋಗುತ್ತವೆ, ಅದು ನಿಜವೂ ಆಗಿರುತ್ತಿತ್ತು, ಎಂಟು ಗಂಟೆಯವರೆಗೆ ನಿಜವೇ ಆಗಿತ್ತು, ಆಗಲೇ ಕಣ್ಣು ಮುಚ್ಚಿ ಮೊಳೆ ಹೊಡೆಸಿದ್ದರೆ ಸಾಕಿತ್ತು, ಆದರೆ ಧಾರವಾಡದ ಪ್ರಾಣಿಶಾಸ್ತ್ರದ ತರಗತಿ ಬೆರಳಲ್ಲೇ ಉಳಿದಿದೆ, ಎಲುಬು ಕಂಡರೆ ಅಳೆಯಬೇಕು, ಅಳೆದೆ, ನಾಲ್ಕು ತೊಡೆಯೆಲುಬು, ನಲವತ್ತೊಂದು, ನಲವತ್ತೆರಡು, ಆಮೇಲೆ ಎಲ್ಲಕ್ಕಿಂತ ಉದ್ದದ ಅದು, ಆಮೇಲೆ ಮತ್ತೆ ನಲವತ್ತೊಂದು, ಪಟ್ಟಿಯ ಮೇಲೆ ಉಗುರಿನಿಂದ ಗೀರು ಕೂಡ ಎಳೆದೆ, ಅಂಥ ದಡ್ಡಿ — ಫಾದರ್ ಆ ಶಿಲುಬೆಯ ಕಟ್ಟು ತೋರಿಸುತ್ತಿದ್ದಾರೆ, ಇದನ್ನು ಮುಟ್ಟಿ ಹೇಳಿ ಮದರ್, ಇರುವೆ ಮೂವತ್ತು ದಾಟಿತು, ಗಂಗೂ ಬೇಲಿಯ ಗೂಟ ಹಿಡಿದಿದ್ದಾಳೆ, ವಿಧೇಯತೆಯ ಪ್ರತಿಜ್ಞೆ ಮಾಡಿದ ಕೈ ಇದೇ, ಮರ ಬಿಸಿಲಿಗೆ ಕಾದಿದೆ, ನನಗೆ ಗೊತ್ತಿಲ್ಲ ಫಾದರ್, ಯಾರ ದನಿ ಅದು, ಅಷ್ಟು ಸಮಾಧಾನದ ದನಿ, ಬಾಬಾಜಿ, ನಾಲ್ಕೂ ಲಾರಿಗೆ ಹಾಕು, ಅಡ್ಡಿಯಿಲ್ರಿ ಮದರ್, ಇರುವೆ ಉಗುರಿನ ಗೀರಿಗೆ ಬಂದು ನಿಂತಿದೆ, ಮುಂದೆ ಹೋಗುತ್ತಿಲ್ಲ, ಎಡದಿಂದ ಮೂರನೆಯ ಪೆಟ್ಟಿಗೆ, ಬಲ ತೊಡೆಯೆಲುಬು, ನಲವತ್ತೇಳು ಸೆಂಟಿಮೀಟರು.