ಇಪ್ಪತ್ತೇಳನೇ ನಂಬರು

ಅಕ್ಕ ನಾಲ್ಕು ಗಂಟೆಗೆ ಬರುವವಳಿದ್ದಳು. ಮೂರು ಇಪ್ಪತ್ತಕ್ಕೆ ನನ್ನ ಎದೆ ಧಸಕ್ಕೆಂದಿತು.

ಕಂಪ್ಯೂಟರ್ ರಿಪೇರಿ ನನ್ನ ಕಸುಬು. ನಾನೂ ಅಕ್ಕನೂ ಓದಿದ ಶಾಲೆಯವರು ಗುಜರಿಗೆ ಹಾಕಿದ ಏಳು ಮಾನಿಟರುಗಳನ್ನೂ ಒಂದು ಡಬ್ಬ ಫ್ಲಾಪಿಗಳನ್ನೂ ತಂದು, ಅಂಗಡಿಯ ಹಿಂದಿನ ಕೋಣೆಯಲ್ಲಿ ಆ ಕಾಲದ ಲ್ಯಾಬನ್ನೇ ಮತ್ತೆ ಕೂಡಿಸಿದ್ದೆ. ಏಳರ ಹಿಂದೆಯೂ ಇರುವುದು ಒಂದೇ ಹೊಸ ಯಂತ್ರ. ಎಮ್ಯುಲೇಟರ್ ಎಂಬ ಪ್ರೋಗ್ರಾಂ ಹಾಕಿದರೆ ಮೂವತ್ತು ವರ್ಷ ಹಿಂದಿನದರಂತೆ ನಟಿಸುತ್ತದೆ. ಅದೇ ಕಪ್ಪು ಪರದೆ, ಅದೇ ಹಸಿರು ಅಕ್ಷರ, ಮಾತೆತ್ತಿದರೆ ರೋಲ್ ನಂಬರ್ ಕೇಳುವ ಅದೇ ಅಧಿಕಪ್ರಸಂಗ. ಅಕ್ಕನ ಹುಟ್ಟುಹಬ್ಬಕ್ಕೆ ಉಡುಗೊರೆ.

ಫೋನಿನಲ್ಲಿ ಹೇಳಿದಾಗ ಅವಳು ಹಿಗ್ಗಿ ಹೀರೇಕಾಯಿಯಾಗಿದ್ದಳು. ಕೊನೆಗೆ ದನಿ ಇಳಿಸಿ, "ಮೇಡಂ ದಿನಚರಿ ಇದೆಯೇನೋ ಅದ್ರಲ್ಲಿ? ಒಂದ್ಸಲ ನೋಡ್ಬೇಕು ಕಣೋ," ಎಂದಿದ್ದಳು.

ದಿನಚರಿ ಎಂದರೆ ಲ್ಯಾಬ್ ಮೇಡಂ ಬರೆದಿದ್ದ ಪುಟ್ಟ ಪ್ರೋಗ್ರಾಂ. ಯಾರು ಏನು ಅಳಿಸಿದರೂ ತಾರೀಖು, ಹೊತ್ತು, ರೋಲ್ ನಂಬರ್, ಮಷೀನ್ ನಂಬರ್ ಬರೆದಿಡುತ್ತಿತ್ತು. ಅಳಿಸುವ ಅಧಿಕಾರ ಲೀಡರಾಗಿದ್ದ ಅಕ್ಕನ ಇಪ್ಪತ್ತೇಳನೇ ನಂಬರಿಗೆ ಮಾತ್ರ. ಒಂದು ದಿನ ಎಲ್ಲರ ಅಂಕಗಳೂ ಅಳಿಸಿಹೋದವು. ಮೇಡಂ ಹಿಂದೆಮುಂದೆ ನೋಡದೆ ಅಕ್ಕನನ್ನು ಲ್ಯಾಬಿನಿಂದ ಹೊರಗೆ ಹಾಕಿದರು. "ನಾನಲ್ಲ, ದಿನಚರಿ ತೋರ್ಸಿ" ಎಂದು ಅವಳು ಗೋಗರೆದರೂ ತೋರಿಸಲಿಲ್ಲ. ಆಮೇಲೆ ಅವಳು ಕಂಪ್ಯೂಟರ್ ಮುಟ್ಟಲಿಲ್ಲ, ಬಟ್ಟೆ ಹೊಲಿಯುತ್ತಾಳೆ.

ಅಳಿಸಿದ್ದು ನಾನು. ಅಕ್ಕನ ನಂಬರು ಒತ್ತಿ, ನನ್ನದೊಂದು ಸೊನ್ನೆ ಅಳಿಸಲು ಹೋಗಿ ಇಡೀ ಪಟ್ಟಿಯನ್ನೇ ಗುಡಿಸಿ ಹಾಕಿದ್ದೆ. ಈಗ ದಿನಚರಿಯ ಆ ಸಾಲು ಪರದೆಯ ಮೇಲಿತ್ತು: ರೋಲ್ 27, ಮಷೀನ್ 7. ಅಕ್ಕ ಕೂರುತ್ತಿದ್ದದ್ದು ಒಂದರಲ್ಲಿ. ಕಿಟಕಿ ಪಕ್ಕದ ಏಳು ನನ್ನದು, ಅದು ಅವಳಿಗೂ ಗೊತ್ತು.

ಹೇಳಿಬಿಡಲೇ? ಹೇಳಿದರೆ ಅವಳು ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ. ನನ್ನವರು ಅಂತ ಇರುವವಳು ಅವಳೊಬ್ಬಳೇ. ಭಯದಲ್ಲಿ ಬೇರೇನೂ ಹೊಳೆಯಲಿಲ್ಲ. ಏಳರ ಮುಂದೆ ಕೂತವನು ಅಲ್ಲಿಂದಲೇ ಮತ್ತೆ ಅವಳ ನಂಬರೇ ಒತ್ತಿ ದಿನಚರಿಯನ್ನು ಅಳಿಸಿದೆ, ಅದಿದ್ದ ಫ್ಲಾಪಿಯನ್ನು ಮುರಿದು ಕಸಕ್ಕೆ ಹಾಕಿದೆ.

ಅಕ್ಕ ಬಂದಳು. ಅವಸರದಲ್ಲಿ ಅಳತೆ ಟೇಪನ್ನು ಕೊರಳಲ್ಲೇ ಹಾಕಿಕೊಂಡು ಬಂದಿದ್ದಳು. "ಅಯ್ಯೋ, ಕುರ್ಚೀನೂ ಹಾಗೇ ಕುಂಟ್ತಿದೆಯಲ್ಲೋ!" ಎಂದು ನಕ್ಕು ಒಂದನೇ ಮಷೀನಿಗೆ ಕೂತಳು.

"ದಿನಚರಿ ಸಿಗ್ಲಿಲ್ಲ ಕಣೇ. ಫ್ಲಾಪಿ ಬೂಸ್ಟು ಹಿಡಿದಿತ್ತು," ಎಂದೆ.

ಅವಳು ಏನೋ ಒತ್ತಿದಳು. "ಇಲ್ಲೇ ಇದೆಯಲ್ಲೋ."

ಬಗ್ಗಿ ನೋಡಿದೆ. ದಿನಚರಿ ಇಲ್ಲವೆಂದರೆ ಮೇಡಂ ಪ್ರೋಗ್ರಾಂ ಹೊಸದೊಂದನ್ನು ತೆರೆಯುತ್ತದೆ ಎನ್ನುವುದು ಇಷ್ಟು ವರ್ಷ ರಿಪೇರಿ ಮಾಡಿದ ನನಗೆ ಹೊಳೆಯಲೇ ಇಲ್ಲ. ಅದರಲ್ಲಿ ಒಂದೇ ಸಾಲು. ಇವತ್ತಿನ ತಾರೀಖು, ಮೂರು ಇಪ್ಪತ್ತೈದು, ದಿನಚರಿ ಅಳಿಸಲಾಗಿದೆ, ರೋಲ್ 27, ಮಷೀನ್ 7.

ಅಕ್ಕ ಅದನ್ನು ಎರಡು ಸಲ ಓದಿದಳು.

"ಆ ಹೊತ್ತಲ್ಲಿ ನಾನು ಹೊಲಿಗೆ ಮಷೀನ್ ತುಳೀತಾ ಇದ್ದೆ ಕಣೋ," ಎಂದಳು ಮೆಲ್ಲಗೆ. "ಇಲ್ಲಿಗೆ ಬಂದೇ ಇರ್ಲಿಲ್ಲ."

ಏಳನೇ ಮಷೀನಿನ ಮುಂದೆ ಕುರ್ಚಿ ನಾನು ಎದ್ದಾಗ ಇದ್ದಂತೆಯೇ ಹೊರಳಿ ನಿಂತಿತ್ತು. ಅಕ್ಕ ಅದನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.