ಇಪ್ಪತ್ತೆರಡು ಹಲ್ಲಿನ ಫ್ರೀವೀಲು

ಮುನಿನಾರಾಯಣಪ್ಪನಿಗೆ ಸೈಕಲ್ಲು ಭಾರವೆನಿಸತೊಡಗಿದ್ದು ಐವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ. ಬಂಗಾರಪೇಟೆ ಕಡೆಯ ತನ್ನ ಹಳ್ಳಿಯಿಂದ ಚಿನ್ನದ ಗಣಿಯಿರುವ ಉರಿಗಾಂವರೆಗೆ ತುಳಿದುಕೊಂಡು ಹೋಗುವುದು, ಗಣಿಯೊಳಗೆ ಇಳಿದು ಬಂಡೆ ಕೊರೆಯುವುದು, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು ತುಳಿಯುವುದು. ಮದುವೆಗೆ ಮುಂಚಿನಿಂದಲೂ ಅವನ ಬದುಕು ಅದೇ. ಈಗ ಮಾತ್ರ ಉರಿಗಾಂಗೆ ಮೊದಲು ಸಿಗುವ ಏರಿನಲ್ಲಿ ಇಳಿದು ತಳ್ಳಬೇಕಾಗುತ್ತಿತ್ತು. ಜೊತೆಯ ಕೆಲಸಗಾರ ಅಶ್ವತ್ಥಪ್ಪ ಮೇಲೆ ಹೋಗಿ, ಒಂದು ಕಾಲು ನೆಲಕ್ಕೂರಿ ಕಾಯುತ್ತಿದ್ದ.

"ಚೈನು ಒಣಗೋಗ್ಯದೆ ಕಣ್ಲಾ," ಎನ್ನುತ್ತಿದ್ದ ಮುನಿನಾರಾಯಣಪ್ಪ, ಉಸಿರು ಹಿಡಿದುಕೊಳ್ಳುತ್ತಾ.

ಚೈನಿಗೆ ಎಣ್ಣೆ ಬಿಟ್ಟ. ಪೆಡಲು ಬದಲಾಯಿಸಿದ. ಏರು ಸುಲಭವಾಗಲಿಲ್ಲ. ಕೊನೆಗೆ ಒಂದು ರಜೆಯ ದಿನ ಕುಪ್ಪುಸ್ವಾಮಿಯ ಸೈಕಲ್ ಶಾಪಿಗೆ ಹೋದ. ಕುಪ್ಪುಸ್ವಾಮಿಯದು ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ಬಂದವರು ಆಡುವ ಮಾತು.

"ಹಿಂದ್ಗಡೆ ಹಲ್ಲುಚಕ್ರ, ಈ ಫ್ರೀವೀಲ್ನಾಗೆ ಹದಿನೆಂಟು ಹಲ್ಲದೆ ತಂಬಿ. ಇಪ್ಪತ್ತೆರಡರದು ಆಕಿದ್ರೆ ಏರು ಸುಲಭ ಆಯ್ತದೆ. ಆದ್ರೆ ಸಮ ಇರೋ ರೋಡ್ನಾಗೆ ಕಾಲು ತಿರುಗ್ತಾನೇ ಇರ್ಬೇಕು, ಗಾಡಿ ಓಡಾಕಿಲ್ಲ. ಯೋಚ್ನೆ ಮಾಡು."

"ಎರಡೂ ಸಿಗೋ ಅಂಗೆ ಮಾಡಾಕಾಗಲ್ವಾ ಅಣ್ಣ?"

"ದೊಡ್ಡ ಸಾಹೇಬ್ರ ಸೈಕಲ್ನಾಗೆ ಮೂರು ಗೇರ್ ಇರ್ತದೆ. ನಮ್ದು ಒಂದೇ ಅಲ್ವಾ, ಆರಿಸ್ಕೊಳ್ಳಲೇಬೇಕು."

"ಏರೇ ಸುಲಭ ಆಗ್ಲಿ ಬಿಡಣ್ಣ."

ಕುಪ್ಪುಸ್ವಾಮಿ ಹೊಸ ಫ್ರೀವೀಲು ಕೂರಿಸಿದ. ದೊಡ್ಡ ಹಲ್ಲುಚಕ್ರಕ್ಕೆ ಚೈನು ಗಿಡ್ಡವಾಯಿತೆಂದು ಕೊಂಡಿಯೊಂದನ್ನು ಸೇರಿಸಿದ. ಮಾರನೆಯ ದಿನ ಮುನಿನಾರಾಯಣಪ್ಪ ಇಳಿಯದೆ ಏರು ಹತ್ತಿದ. ಎಷ್ಟು ಖುಷಿಯಾಯಿತೆಂದರೆ, ಸಂಜೆ ಹೆಂಡತಿ ಅಕ್ಕಯ್ಯಮ್ಮನಿಗೆ ಅದನ್ನೇ ಎರಡು ಸಲ ಹೇಳಿದ. ಸಮತಟ್ಟಾದ ರಸ್ತೆಯಲ್ಲಿ ಅಶ್ವತ್ಥಪ್ಪ ಕಣ್ಣಿಗೆ ಕಾಣದಷ್ಟು ಮುಂದೆ ಹೋಗುತ್ತಿದ್ದುದನ್ನು ಹೇಳಲಿಲ್ಲ. ತಡವಾಗಬಾರದೆಂದು ಬೇಗ ಹೊರಡತೊಡಗಿದ. ಅಕ್ಕಯ್ಯಮ್ಮ ಅದಕ್ಕಿಂತ ಬೇಗ ಎದ್ದು ಮುದ್ದೆ ಕಟ್ಟಿಕೊಟ್ಟಳು.

ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ಇಳಿದು ತಳ್ಳುವುದು ಶುರುವಾಯಿತು. ಪೆಡಲಿನ ಹತ್ತಿರದ ಹಲ್ಲುಚಕ್ರವನ್ನೂ ಚಿಕ್ಕದು ಹಾಕಿಸಿದ. ಅದರಿಂದ ಕೆಲವು ವಾರ ನಡೆಯಿತು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಏರಿನ ಬುಡದಲ್ಲೇ ಇಳಿಯುತ್ತಿದ್ದ.

ಮೂರನೆಯ ಸಲ ಶಾಪಿಗೆ ಹೋದಾಗ ಸಂತೆಗೆಂದು ಹೊರಟ ಅಕ್ಕಯ್ಯಮ್ಮನೂ ಜೊತೆಗಿದ್ದಳು.

"ಇದಕ್ಕಿಂತ ದೊಡ್ಡ ಫ್ರೀವೀಲು ಆಕಣ್ಣ."

ಕುಪ್ಪುಸ್ವಾಮಿ ಸೈಕಲ್ಲಿನ ಹಿಂಭಾಗ ಎತ್ತಿ ಪೆಡಲನ್ನು ಬೆರಳಿನಲ್ಲಿ ತಳ್ಳಿದ. ಚಕ್ರ ಸಲೀಸಾಗಿ ತಿರುಗಿತು. ಅದು ನಿಂತ ಮೇಲೆ ಸೈಕಲ್ಲನ್ನು ಕೆಳಗಿಳಿಸಿದ.

"ಗಾಡಿಯಾಗೆ ಏನೂ ಇಲ್ಲ ತಂಬಿ. ಗಣಿಯಾಗಿದ್ದ ನಮ್ಮಣ್ಣನೂ ಇಂಗೇ, ಅದು ಬದ್ಲಾಯ್ಸು ಇದು ಬದ್ಲಾಯ್ಸು ಅಂತಿದ್ದ. ನಾನೂ ಬದ್ಲಾಯಿಸ್ತಾನೇ ಇದ್ದೆ. ಆಸ್ಪತ್ರೆಗೆ ಓಗಿ ಎದೆ ತೋರ್ಸು."

"ನಾ ಕೇಳಿದ್ದು ಸೈಕಲ್ ರಿಪೇರಿ, ಅದನ್ನ ಮಾಡು!" ಎಂದ ಮುನಿನಾರಾಯಣಪ್ಪ. ಮುಂದೆ ಏನೋ ಹೇಳಲು ಹೋದ, ಕೆಮ್ಮು ಬಿಡಲಿಲ್ಲ. ಅಕ್ಕಯ್ಯಮ್ಮ ಅವನ ಕೈಯಿಂದ ಹ್ಯಾಂಡಲ್ ತೆಗೆದುಕೊಂಡು ತಾನೇ ಸೈಕಲ್ ತಳ್ಳಿಕೊಂಡು ಹೊರಟಳು.

ಅವಳು ಅವನ ಅಕ್ಕನ ಮಗಳು. ಮದುವೆಯಾದ ಮೇಲೂ ಮಾವ ಎಂದೇ ಕರೆಯುತ್ತಿದ್ದಳು. ಸ್ವಲ್ಪ ದೂರ ನಡೆದ ಮೇಲೆ ಹೇಳಿದಳು: "ನಂಗೆ ಗೊತ್ತಿತ್ತು ಮಾವ. ರಾತ್ರಿ ಗೋಡೆಗೊರಗಿ ಕೂತ್ಕೊಂಡೇ ನಿದ್ದೆ ಮಾಡ್ತೀಯ. ನೀನೇ ಬಾಯ್ಬಿಡ್ತೀಯ ಅಂತ ಸುಮ್ಕಿದ್ದೆ."

"ಡಾಕ್ಟ್ರಿಗೆ ಗೊತ್ತಾದ್ರೆ ಒಳಕ್ಕೆ ಇಳ್ಸಾಕಿಲ್ಲ ಕಣಮ್ಮಿ. ಆ ಕೆಲ್ಸ ಬಿಟ್ರೆ ನಂಗೇನ್ ಬತ್ತದೆ?"

"ಇಳೀಬ್ಯಾಡ. ಬದುಕಿರು."

ವಾದ ಮಾಡುವಷ್ಟು ಉಸಿರೂ ಅವನಲ್ಲಿರಲಿಲ್ಲ. ಆ ವಾರವೇ ಗಣಿಯ ಆಸ್ಪತ್ರೆಗೆ ಹೋದರು. ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತಿದೆ, ಅದನ್ನು ತೆಗೆಯಲು ಬರುವುದಿಲ್ಲ, ಇನ್ನು ಕೆಳಗೆ ಇಳಿಯಕೂಡದು ಎಂದರು. ಮುನಿನಾರಾಯಣಪ್ಪ ತಲೆಯಾಡಿಸಿದ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ದುಃಖಕ್ಕಿಂತ ಹೆಚ್ಚಾಗಿ, ಇನ್ನು ಯಾರಿಗೂ ಏನನ್ನೂ ಮುಚ್ಚಿಡಬೇಕಾಗಿಲ್ಲ ಎನ್ನುವ ನಿರಾಳದ ಸುಸ್ತು ಅವನನ್ನು ಹಿಡಿದಿತ್ತು.

ಗಣಿಯವರು ಅವನನ್ನು ಮೇಲೆ ದೀಪದ ಕೋಣೆಗೆ ಹಾಕಿದರು. ಒಳಗೆ ಇಳಿಯುವವರಿಗೆ ತಲೆಯ ದೀಪ ಕೊಡುವುದು, ಬಂದವರಿಂದ ವಾಪಸ್ಸು ಪಡೆಯುವುದು ಅವನ ಕೆಲಸ. ಮೊದಲ ದಿನ ಕಿಟಕಿಯಾಚೆ ಅಶ್ವತ್ಥಪ್ಪ ದೀಪ ಹಿಡಿದುಕೊಂಡು ಹೊರಡದೆ ನಿಂತ.

"ಓಗ್ಲಾ, ಲಿಫ್ಟ್ ಕಾಯ್ತದೆ," ಎಂದ ಮುನಿನಾರಾಯಣಪ್ಪ.

"ಬತ್ತೀನಣ್ಣ," ಎಂದು ಅಶ್ವತ್ಥಪ್ಪ ಹೋದ.

ಅಂದು ಸಂಜೆ ಮುನಿನಾರಾಯಣಪ್ಪ ಮನೆಗೆ ಬಂದಾಗ ಅಕ್ಕಯ್ಯಮ್ಮ ಸಾರು ಬಿಸಿಗಿಟ್ಟಿದ್ದಳು. ತಟ್ಟೆ ತರುವಷ್ಟರಲ್ಲಿ ಅವನು ಜಗುಲಿಯ ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದ. ಎಬ್ಬಿಸಲು ಮನಸ್ಸಾಗದೆ, ಅವಳು ಸಾರಿನ ಮೇಲೆ ತಟ್ಟೆ ಮುಚ್ಚಿ ಅವನ ಪಕ್ಕದಲ್ಲಿ ಕೂತಳು.