ಹುಲ್ಲು ಮುಟ್ಟಬೇಡ

ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಹುಲ್ಲು ಕತ್ತರಿಸುವ ಯಂತ್ರದ ಕೀಲಿಕೈಯನ್ನು ಪಾರ್ಕಿನ ಕೆಲಸದಾಳು ಎಲ್ವಾಳಿಂದ ಕಿತ್ತುಕೊಂಡರು.

“ಇವತ್ತಿಂದ ಈ ಪಾರ್ಕಿನ ಹುಲ್ಲು ಮುಟ್ಟಬ್ಯಾಡ,” ಎಂದ ಕೌಂಟಿಯ, ಅಂದರೆ ಜಿಲ್ಲಾಡಳಿತದ, ಕಚೇರಿಯ ಮೇಲ್ವಿಚಾರಕ ಡೆನ್ವರ್.

“ಯಾಕಪ್ಪಾ?”

“ಯಾಕೆ ಅಂತ ಕೇಳಕ್ಕಾ ನಿಂಗೆ ಸಂಬಳ ಕೊಡೋದು? ಕಸ ಗುಡಿಸೋ ಮುಂಡೇದು, ಲಾಯರ್ ತರ ಮಾತಾಡ್ತದೆ. ಏಣಿ ಹತ್ತು, ಪಾರ್ಕಿನ ಹೆಸರಿನ ಆ ಬೋರ್ಡು ಬಿಚ್ಚು.”

ಐವತ್ತೆಂಟರ ಎಲ್ವಾ ಏಣಿ ಹತ್ತಿದಳು. ಡೆನ್ವರ್ ಕೆಳಗೆ ನಿಂತು ಕಾಫಿ ಕುಡಿದ.

ಕಾರಣ ಕಣಿವೆಗೆಲ್ಲ ಗೊತ್ತಿತ್ತು. ಅಮೆರಿಕದ ಕೆಂಟಕಿಯ ಆ ಗುಡ್ಡದ ನೆತ್ತಿಯನ್ನು ಗಣಿ ಕಂಪನಿ ಕಲ್ಲಿದ್ದಲಿಗಾಗಿ ಕೆರೆಯುತ್ತಿತ್ತು. ಸಾರ್ವಜನಿಕ ಪಾರ್ಕಿನಿಂದ ಮುನ್ನೂರು ಅಡಿಯೊಳಗೆ ಅಗೆಯಬಾರದೆಂದು ಕಾನೂನು. ಮೊಣಕಾಲೆತ್ತರ ಹುಲ್ಲು ಬೆಳೆದು ಬೋರ್ಡೂ ಇಲ್ಲದಿದ್ದರೆ ಸರ್ಕಾರದ ಗಣಿ ತನಿಖಾಧಿಕಾರಿ ಪಾಳುಜಾಗ ಎಂದು ಬರೆಯುತ್ತಾನೆ, ಆಮೇಲೆ ಕಂಪನಿಗೆ ಆ ಕಾನೂನು ಅಡ್ಡ ಬರುವುದಿಲ್ಲ. ಹನ್ನೊಂದು ಮನೆಗಳಿಗೆ ನೀರು ಕೊಡುವ ಒರತೆ ಇರುವುದು ಆ ಮುನ್ನೂರು ಅಡಿಯೊಳಗೇ. ಗಣಿಯಿಂದ ಒರತೆ ಕೆಟ್ಟ ಪಕ್ಕದ ಕಣಿವೆಯವರು ಕಳೆದ ವರ್ಷದಿಂದ ಪೇಟೆಯಿಂದ ಡ್ರಮ್ಮುಗಳಲ್ಲಿ ನೀರು ತರುತ್ತಿದ್ದರು.

ಪಾರ್ಕಿನ ನಡುವೆ ಒಂದು ಕಲ್ಲು. ಗಣಿ ಕುಸಿದು ಸತ್ತ ಒಂಬತ್ತು ಮಂದಿಯ ಹೆಸರು ಅದರ ಮೇಲೆ. ನಾಲ್ಕನೆಯದು ಎಲ್ವಾಳ ತಾತನದು. ಪಾರ್ಕನ್ನು ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಿರೆಂದು ಅವಳು ಅರ್ಜಿ ಹಾಕಿ ಆರು ವರ್ಷವಾಗಿತ್ತು. ಉತ್ತರ ಬಂದಿರಲಿಲ್ಲ.

ಏಳು ವಾರ ಕಳೆಯಿತು. ಮಂಗಳವಾರ ತನಿಖೆ ಎಂದು ಸುದ್ದಿ ಬಂತು. ಸೋಮವಾರ ಬೆಳಗ್ಗೆ ಎಲ್ವಾ ಉದ್ದ ಹಿಡಿಯ ಕುಡುಗೋಲು ಹೊತ್ತು ಬಂದಳು. ಗಣಿಯ ಧೂಳಿಗೆ ಶ್ವಾಸಕೋಶ ಕೊಟ್ಟು ನಿವೃತ್ತನಾದ ಹೋಬರ್ಟ್ ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು ಬೆಂಚಿನ ಮೇಲೆ ಕೂತಿದ್ದ.

“ಆ ಕುಡುಗೋಲು ನಿನ್ ಗಂಡನಿಗಿಂತ ಮೊಂಡು ಕಣಮ್ಮಿ.”

“ಬಾಯ್ಮುಚ್ಕೊಂಡು ಉಸಿರಾಡು, ಹೋಬರ್ಟ್.”

“ಕೆಲ್ಸ ಹೋಯ್ತದೆ.”

“ಗೊತ್ತು.”

“ಆಸ್ಪತ್ರೆ ವಿಮೇನೂ ಹೋಯ್ತದೆ.”

“ಅದೂ ಗೊತ್ತು. ಕಾಲೆತ್ತು, ಬೆಂಚಿನ ಕೆಳಗೆ ಕುಯ್ಬೇಕು.”

ಸಂಜೆಯವರೆಗೆ ಕೊಯ್ದಳು. ಅಂಗೈ ಬೊಬ್ಬೆ ಎದ್ದಿತು.

ಮಂಗಳವಾರ ಹತ್ತು ಗಂಟೆಗೆ ತನಿಖಾಧಿಕಾರಿ ಬಂದ. ಡೆನ್ವರ್ ಜೊತೆಗಿದ್ದ.

“ಪಾಳು ಅಂದ್ರಲ್ರೀ. ಯಾರು ಕೊಯ್ದಿದ್ದು ಇದನ್ನ?” ಎಂದು ಅಧಿಕಾರಿ ಅವನನ್ನು ಕೇಳಿದ.

“ನಾನು ಸಾರ್,” ಎಂದಳು ಎಲ್ವಾ. “ಹದಿನಾಲ್ಕು ವರ್ಷದಿಂದ ನಾನೇ. ಇವರು ಬ್ಯಾಡ ಅಂದ ಮೇಲೆ ಏಳು ವಾರ ಬಿಟ್ಟಿದ್ದೆ.”

“ತಲೆಕೆಟ್ಟ ಮುದುಕಿ ಸಾರ್, ಅವಳ ಮಾತು—”

“ಈ ಅಳತೆ ಟೇಪಿನ ತುದಿ ಹಿಡ್ಕೊಳ್ಳಿ,” ಎಂದು ಅಧಿಕಾರಿ ಡೆನ್ವರ್ ಕೈಗೆ ಕೊಟ್ಟ.

ಕೊಯ್ದ ಹುಲ್ಲಿನ ಅಂಚಿನಿಂದ ಸ್ಫೋಟಕ್ಕೆ ಕೊರೆದ ಮೊದಲ ಕುಳಿಗೆ ಇನ್ನೂರ ಹದಿನಾಲ್ಕು ಅಡಿ. ಅಧಿಕಾರಿ ಬರೆದುಕೊಂಡ. ಪಾರ್ಕಿನ ಒಡೆಯರಾದ ಕೌಂಟಿಯವರೇ ಬಹಿರಂಗ ಸಭೆಯಲ್ಲಿ ಒಪ್ಪಿಗೆ ಕೊಡುವ ತನಕ ಇಲ್ಲಿ ಕೊರೆಯುವಂತಿಲ್ಲ ಎಂದ.

ಎಲ್ವಾಳನ್ನು ಕೆಲಸದಿಂದ ತೆಗೆದ ಪತ್ರ ಬುಧವಾರ ಬಂತು. ಸಭೆಗೆ ಹನ್ನೊಂದು ಮನೆಯವರೂ ಹೋದರು. ಕೌಂಟಿ ಸದಸ್ಯರ ಎರಡರ ವಿರುದ್ಧ ಮೂರು ಮತಗಳಿಂದ ಒಪ್ಪಿಗೆ ಪಾಸಾಯಿತು. ಮತ್ತೆ ಶುರುವಾಗುವ ಮುನ್ನ ಕೊರೆಯುವ ಯಂತ್ರ ಒಟ್ಟು ಹತ್ತೊಂಬತ್ತು ದಿನ ನಿಂತಿತ್ತು.